ಹೋಮ್‌ಲ್ಯಾಂಡ್ ಅಂತ್ಯ: ಬ್ರೋಡಿಯ ನಕ್ಷತ್ರ, ಕ್ಯಾರಿಯ ಪುಸ್ತಕ (ಎಂಟೂ ಸೀಸನ್ ನೋಡಿದವರಿಗೆ ಮಾತ್ರ)

ಕೊಡಚಾದ್ರಿ:

ಕೊನೆಯ ಕಂತಿನವರೆಗಿನ ಎಲ್ಲವೂ ಇಲ್ಲಿ ಚರ್ಚೆಗೆ ಬರುತ್ತದೆ. ಇನ್ನೂ ನೋಡುತ್ತಿರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ಅಮೆರಿಕದ ಟಿವಿ ಧಾರಾವಾಹಿ 'ಹೋಮ್‌ಲ್ಯಾಂಡ್' ಶುರುವಾಗುವುದೇ ಒಂದು ಸುಳಿವಿನಿಂದ. ಬಾಗ್ದಾದಿನ ಜೈಲಿನಲ್ಲಿ ಸಿಐಎ ಅಧಿಕಾರಿ ಕ್ಯಾರಿ ಮ್ಯಾಥಿಸನ್ ಕಿವಿಗೆ ಒಬ್ಬ ಉಸುರುತ್ತಾನೆ: ಅಮೆರಿಕದ ಯುದ್ಧಕೈದಿಯೊಬ್ಬ ಶತ್ರುಪಕ್ಷಕ್ಕೆ ಸೇರಿದ್ದಾನೆ. ಎಂಟು ವರ್ಷ ಸೆರೆಯಲ್ಲಿದ್ದ ಮರೀನ್ ಸಾರ್ಜೆಂಟ್ ನಿಕೋಲಸ್ ಬ್ರೋಡಿ ಮನೆಗೆ ಬರುತ್ತಾನೆ, ಅನುಮಾನ ಅವನ ಮೇಲೆ ಬೀಳುತ್ತದೆ. ಅವನ ಕಥೆ 2013ರ ಡಿಸೆಂಬರ್ 15ರಂದು ಪ್ರಸಾರವಾದ 'ದಿ ಸ್ಟಾರ್' ಕಂತಿನಲ್ಲಿ, ಟೆಹರಾನಿನ ಚೌಕದಲ್ಲಿ ನೇಣಿನೊಂದಿಗೆ ಮುಗಿಯಿತು. ಧಾರಾವಾಹಿ ಮಾತ್ರ ಇನ್ನೂ ಐದು ಸೀಸನ್ ನಡೆದು 2020ರ ಏಪ್ರಿಲ್ 26ರಂದು, 96ನೇ ಕಂತಿಗೆ ನಿಂತಿತು. ಆ ಕೊನೆಯ ಕಂತಿನ ಹೆಸರು 'ಪ್ರಿಸನರ್ಸ್ ಆಫ್ ವಾರ್'.

ಬ್ರೋಡಿ ಸತ್ತು ಆರು ವರ್ಷಕ್ಕೂ ಹೆಚ್ಚು ಕಳೆದಿದೆ, ಕಂತಿನಲ್ಲಿ ಅವನ ಸುದ್ದಿಯೇ ಹೆಚ್ಚಿಲ್ಲ. ಆದರೂ ಈ ಹೆಸರು ಯಾಕೆ? ನನ್ನ ವಾದ ಇಷ್ಟು: 2020ರ ಅಂತ್ಯವನ್ನು 2013ರ ಅಂತ್ಯದ ಪಕ್ಕದಲ್ಲಿಟ್ಟು ನೋಡದಿದ್ದರೆ ಅದು ಅರ್ಧ ಮಾತ್ರ ಅರ್ಥವಾಗುತ್ತದೆ. ಕ್ಯಾರಿ ಕೊನೆಗೆ ನಿಂತಿರುವುದು ಬ್ರೋಡಿ ನಿಂತಿದ್ದ ಜಾಗದಲ್ಲೇ. ಒಪ್ಪದವರು ಕಾರಣ ಸಮೇತ ಬರೆಯಿರಿ.

ತುಂಗಾತೀರ:

ಮೊದಲು 'ದಿ ಸ್ಟಾರ್' ಬಗ್ಗೆ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಕ್ಯಾರಿಯ ಗುರು, ಸಿಐಎಯ ಸಾಲ್ ಬೆರೆನ್ಸನ್ ಹಾಕಿದ ಯೋಜನೆ ಕೊನೆಗೆ ಕೈಕೊಟ್ಟಿತು, ಅದಕ್ಕೇ ಬ್ರೋಡಿ ಸತ್ತ ಎಂದು ಅನೇಕರು ಬರೆಯುತ್ತಾರೆ. ಯೋಜನೆ ಕೈಕೊಡಲಿಲ್ಲ. ಅದು ಪೂರ್ತಿ ಫಲಿಸಿದ್ದರಿಂದಲೇ ಅವನು ಸಾಯಬೇಕಾಯಿತು.

ಹೆಜ್ಜೆ ಹೆಜ್ಜೆಯಾಗಿ ನೋಡಿ. ಇರಾನಿನ ಗುಪ್ತಚರ ಅಧಿಕಾರಿ ಮಜೀದ್ ಜವಾದಿ ಸರ್ಕಾರದ ಹಣ ನುಂಗಿರುವುದು ಸಾಲ್‌ಗೆ ಗೊತ್ತಾಗುತ್ತದೆ. ಅದನ್ನೇ ಹಿಡಿದು ಅವನನ್ನು ಸಿಐಎ ಮಾಹಿತಿದಾರನನ್ನಾಗಿ ಮಾಡಿ ಟೆಹರಾನಿಗೆ ವಾಪಸ್ ಕಳಿಸುತ್ತಾನೆ. ಆದರೆ ಜವಾದಿಯ ಮೇಲೆ ರೆವಲ್ಯೂಷನರಿ ಗಾರ್ಡ್‌ನ ಮುಖ್ಯಸ್ಥ ದಾನೇಶ್ ಅಕ್ಬರಿ ಕುಳಿತಿದ್ದಾನೆ. ಅವನು ಹೋಗದೆ ಜವಾದಿ ಮೇಲೇರುವಂತಿಲ್ಲ. ಅಕ್ಬರಿಯ ಹತ್ತಿರಕ್ಕೆ ಸುಲಭವಾಗಿ ಹೋಗಬಲ್ಲ ಅಮೆರಿಕನ್ ಒಬ್ಬನೇ: ಸಿಐಎ ಕೇಂದ್ರ ಕಚೇರಿ ಇರುವ ಲ್ಯಾಂಗ್ಲಿಯಲ್ಲಿ 219 ಜನರನ್ನು ಕೊಂದವನೆಂದು ಲೋಕವೆಲ್ಲ ನಂಬಿರುವ ಬ್ರೋಡಿ. ಕರಾಕಸ್‌ನಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದವನನ್ನು ಎತ್ತಿ ತಂದು, ಚಟ ಬೇಗ ಬಿಡಿಸಲು ಇಬೋಗೈನ್ ಕೊಟ್ಟು, ಮತ್ತೆ ಸೈನಿಕನನ್ನಾಗಿ ತಯಾರು ಮಾಡಿ, ಇರಾಕ್ ಗಡಿಯಿಂದ ಒಳಕ್ಕೆ ದಾಟಿಸುತ್ತಾರೆ. ಅವನು ಅಕ್ಬರಿಯನ್ನು ಅವನ ಕಚೇರಿಯಲ್ಲೇ ಕೊಲ್ಲುತ್ತಾನೆ.

ಈಗ ಲೆಕ್ಕ ಹಾಕಿ. ಕೊಂದವನು ತಪ್ಪಿಸಿಕೊಂಡರೆ ಟೆಹರಾನ್ ಒಳಗಿನವರನ್ನು ಶೋಧಿಸಲು ಶುರುಮಾಡುತ್ತದೆ, ಮೊದಲ ಅನುಮಾನ ಜವಾದಿಯ ಮೇಲೆಯೇ. ಕೊಂದವನನ್ನು ಜವಾದಿಯೇ ಹಿಡಿದುಕೊಟ್ಟರೆ ಅವನು ರಾಷ್ಟ್ರವೀರ. ಹಾಗಾಗಿ ಬ್ರೋಡಿಯನ್ನು ಹೆಲಿಕಾಪ್ಟರಿನಲ್ಲಿ ಪಾರುಮಾಡಿದ್ದರೆ ಇಷ್ಟೆಲ್ಲ ಮಾಡಿದ್ದು ನೀರುಪಾಲಾಗುತ್ತಿತ್ತು. ಸಿಐಎಯ ಹೊಸ ನಿರ್ದೇಶಕ ಲಾಕ್‌ಹಾರ್ಟ್ ಮತ್ತು ಅಲ್ಲಿನ ಅಧಿಕಾರಿ ಡಾರ್ ಅಡಾಲ್ ಇದನ್ನು ತಣ್ಣಗೆ ಲೆಕ್ಕ ಹಾಕಿದರು. ಸಾಲ್ ಹಾಕಲಿಲ್ಲ, ಅಥವಾ ಹಾಕಲು ಮನಸ್ಸು ಮಾಡಲಿಲ್ಲ. ಅಡಗಿದ್ದ ಮನೆಗೆ ಬಂದದ್ದು ಜವಾದಿಯ ಸೈನಿಕರು.

ಇನ್ನೊಂದು ಸಂಗತಿ. ಕಂತಿನಲ್ಲಿ ನಾಲ್ಕು ತಿಂಗಳ ನಂತರ ಇರಾನ್ ಅಣುಸ್ಥಾವರಗಳ ತಪಾಸಣೆಗೆ ಒಪ್ಪಿತೆಂಬ ಸುದ್ದಿ ಬರುತ್ತದೆ. ನಿಜ ಜಗತ್ತಿನಲ್ಲಿ ಜಿನೀವಾದ ಮಧ್ಯಂತರ ಒಪ್ಪಂದ ಆದದ್ದು 2013ರ ನವೆಂಬರ್ 24ಕ್ಕೆ, ಅಂದರೆ ಪ್ರಸಾರಕ್ಕೆ ಮೂರು ವಾರ ಮುಂಚೆ. ಆಗ ನೋಡಿದವರಿಗೆ ಆ ಸುದ್ದಿ ಕಟ್ಟುಕಥೆಯ ಹಾಗೆ ಕೇಳಿಸಿರಲಾರದು.

ಗುಬ್ಬಿ_ಪಾಟೀಲ:

ನನ್ನ ಕೇಳಿದ್ರ ಬ್ರೋಡಿ ಕಥಿ ಮುಗಿದದ್ದು ಮೊದಲನೇ ಸೀಸನ್ನಿನ ಬಂಕರ್‌ನ್ಯಾಗ. 2011ರ ಡಿಸೆಂಬರದಾಗ ಬಂದ 'ಮರೀನ್ ಒನ್' ಕಂತು ಮತ್ತೊಮ್ಮೆ ನೋಡ್ರಿ. ಹೊರಗ ಬ್ರೋಡಿ ಜೋಡಿ ಸೆರೆಯಾಗಿದ್ದ ಟಾಮ್ ವಾಕರ್ ಗುಂಡು ಹಾರಸ್ತಾನ. ಆ ಗದ್ದಲದಾಗ ಭದ್ರತಾ ಸಿಬ್ಬಂದಿ ಉಪಾಧ್ಯಕ್ಷ ವಾಲ್ಡನ್‌ನ ಜೋಡಿ ಎಲ್ಲಾ ದೊಡ್ಡ ಮಂದಿನ್ನ ದಬ್ಬಿಕೊಂಡು ಬಂಕರ್‌ಗೆ ಒಯ್ತಾರ. ಯಾರ ಮೈಮ್ಯಾಲೆ ಏನದ ಅಂತ ನೋಡಾಕ ಯಾರಿಗೂ ಪುರಸೊತ್ತಿಲ್ಲ. ಬ್ರೋಡಿ ಸಮವಸ್ತ್ರದ ಒಳಗ ಸ್ಫೋಟಕದ ಜಾಕೀಟು. ಗುಂಡು ಹೊಡದದ್ದು ಯಾರನ್ನೋ ಕೊಲ್ಲಾಕ ಅಂತ ಅನಸ್ತದ, ಖರೇ ಅಂದ್ರ ಅದು ಬಾಗಲಾ ತೆಗಿಯೂ ಕೀಲಿ. ಇಷ್ಟು ಬಿಗಿಯಾಗಿ ಹೆಣೆದ ಸಂಚು ಮುಂದ ಯಾವ ಸೀಸನ್ನಿನ್ಯಾಗೂ ಬಂದಿಲ್ಲ. ಅಲ್ಲೇ ಅವನ ಕಥಿ ಮುಗಿಸಿದ್ರ ಹನ್ನೆರಡು ಕಂತಿನ ಪರಿಪೂರ್ಣ ಕೃತಿ ಆಗ್ತಿತ್ತು. ಬ್ರೋಡಿನ್ನ ಇಷ್ಟು ದಿನ ಉಳಸೂ ವಿಚಾರ ಮೊದಲಿಗೆ ಇರಲಿಲ್ಲ ಅಂತ ನಿರ್ಮಾಪಕರೂ ಹೇಳ್ಯಾರ.

ಅರ್ಚನಾ_ಭಟ್:

ಪಾಟೀಲರೇ, ಬಂಕರಿನ ಕಂತು ಅತ್ಯುತ್ತಮ ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ. ಆದರೆ ಅಲ್ಲಿ ಒಂದು ವಿವರ ನೀವು ಬಿಟ್ಟಿದ್ದೀರಿ, ಮುಂದಿನ ಅಂತ್ಯಗಳೆಲ್ಲ ನಿಂತಿರುವುದು ಅದರ ಮೇಲೆಯೇ.

ಬ್ರೋಡಿ ಒಮ್ಮೆ ಸ್ವಿಚ್ ಒತ್ತುತ್ತಾನೆ. ಜಾಕೆಟ್ಟಿನ ತಂತಿ ಬಿಟ್ಟುಹೋಗಿರುವುದರಿಂದ ಸಿಡಿಯುವುದಿಲ್ಲ. ಶೌಚಾಲಯಕ್ಕೆ ಹೋಗಿ ತಂತಿ ಜೋಡಿಸಿ ಮತ್ತೆ ಬಂದು ನಿಲ್ಲುತ್ತಾನೆ. ಮಗಳು ಡೇನಾ ಫೋನ್ ಮಾಡಿ 'ಮನೆಗೆ ಬರುತ್ತೇನೆಂದು ಮಾತು ಕೊಡು' ಎಂದು ಹಟ ಹಿಡಿದ ಮೇಲೆ ಎರಡನೇ ಸಲ ಒತ್ತುವುದಿಲ್ಲ. ಅಂದರೆ ಅವನು ಮನಸ್ಸು ಬದಲಾಯಿಸಿ ಉಳಿದವನು ನಿಜ, ಅದಕ್ಕೂ ಮುಂಚೆ ಕೊಲ್ಲಲು ತೀರ್ಮಾನಿಸಿ ಗುಂಡಿ ಒತ್ತಿದವನೂ ಹೌದು. ಅವನ ನಿರಪರಾಧಿತನ ಒಂದು ತಂತಿಯ ಮೇಲೆ ನಿಂತಿದೆ. ತಂತಿಯ ತೊಡಕು ಇಲ್ಲದೆ ಫೋನ್ ಕರೆ ಮಾತ್ರ ಇಟ್ಟಿದ್ದರೆ ಅವನನ್ನು ಕ್ಷಮಿಸುವುದು ಬಹಳ ಸುಲಭವಾಗುತ್ತಿತ್ತು. ಬರೆದವರು ಆ ಸುಲಭದ ದಾರಿ ಬಿಟ್ಟುಕೊಟ್ಟಿದ್ದಾರೆ.

ಅದೇ ಡೇನಾ ಮೂರನೇ ಸೀಸನ್ನಿನಲ್ಲಿ ಮೋಟೆಲ್ ಒಂದರಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸದಲ್ಲಿದ್ದಾಳೆ. ತಂದೆಯ ಹೆಸರು ಬಿಟ್ಟು ತಾಯಿಯ ಮನೆತನದ ಲಜಾರೋ ಇಟ್ಟುಕೊಂಡಿದ್ದಾಳೆ. ಇರಾನಿಗೆ ಹೋಗುವ ಮುಂಚೆ ಬ್ರೋಡಿ ನೋಡಲು ಬಂದಾಗ, ಇವನು ಇಲ್ಲಿಂದ ಹೋದರೆ ಸಾಕು ಎನ್ನುವ ಹಾಗೆ ಮಾತಾಡುತ್ತಾಳೆ. ಮೊದಲ ಸೀಸನ್ನಿಗೇ ನಿಲ್ಲಿಸಿದ್ದರೆ ಈ ದೃಶ್ಯ ಇರುತ್ತಿರಲಿಲ್ಲ. ಫೋನಿನಲ್ಲಿ ಪಡೆದ ಮಾತಿಗೆ ಏನಾಯಿತು ಎಂಬುದು ಗೊತ್ತಾಗುವುದು ಇಲ್ಲಿ.

ಹಳೇಬೀಡು77:

ಹೆಸರಿನ ಪ್ರಶ್ನೆಗೆ ಬರುತ್ತೇನೆ. 'ಪ್ರಿಸನರ್ಸ್ ಆಫ್ ವಾರ್' ಎಂಬುದು ಈ ಧಾರಾವಾಹಿಯ ಮೂಲವಾದ ಇಸ್ರೇಲಿನ 'ಹಟುಫಿಮ್'ಗೆ ಹೊರದೇಶಗಳಲ್ಲಿ ಇಟ್ಟ ಹೆಸರು. ಗಿಡಿಯಾನ್ ರಾಫ್ ಅದನ್ನು ತಾವೇ ಬರೆದು ನಿರ್ದೇಶಿಸಿದರು. 2010ರಲ್ಲಿ 10 ಕಂತು, 2012ರಲ್ಲಿ 14 ಕಂತು, ಅಷ್ಟೇ. ಹಾಗಾಗಿ ಅಮೆರಿಕದವರು ಕೊನೆಯಲ್ಲಿ ಮೂಲಕ್ಕೆ ಕೈಮುಗಿದಿದ್ದಾರೆ ಎನ್ನುವುದು ಒಂದು ಅರ್ಥ.

ಆದರೆ ಎರಡರ ನಡುವೆ ಅಂತರ ದೊಡ್ಡದು. ಹಟುಫಿಮ್‌ನಲ್ಲಿ ಲೆಬನಾನಿನಲ್ಲಿ ಸೆರೆಸಿಕ್ಕ ಮೂವರು ಸೈನಿಕರಲ್ಲಿ ನಿಮ್ರೋದ್ ಮತ್ತು ಉರಿ 17 ವರ್ಷದ ಮೇಲೆ ಜೀವಂತ ಬರುತ್ತಾರೆ, ಅಮಿಯೆಲ್‌ನದು ಶವಪೆಟ್ಟಿಗೆ. ಉರಿಗಾಗಿ ಕಾಯಬೇಕಿದ್ದ ನುರಿತ್ ಅವನ ಸಹೋದರನನ್ನೇ ಮದುವೆಯಾಗಿದ್ದಾಳೆ. ನಿಮ್ರೋದ್‌ನ ಹೆಂಡತಿ ತಾಲಿಯಾ ಅಷ್ಟೂ ವರ್ಷ ಗಂಡನ ಬಿಡುಗಡೆಗೆ ಹೋರಾಡಿ, ಈಗ ಮನೆಯಲ್ಲಿ ಅಪರಿಚಿತನ ಜೊತೆ ಇದ್ದಾಳೆ. ಬಾಂಬು, ಸಂಚು ಎಲ್ಲ ಅಂಚಿನಲ್ಲಿ. ಮನೆಯ ಒಳಗೆ ಹೊಂದಿಕೊಳ್ಳಲಾಗದ ಕಷ್ಟವೇ ಕಥೆ. ತಾವಿಬ್ಬರೇ ಅಮಿಯೆಲ್‌ನನ್ನು ಹೊಡೆದು ಕೊಂದೆವೆಂಬ ಪಾಪಪ್ರಜ್ಞೆ ಇಬ್ಬರನ್ನೂ ತಿನ್ನುತ್ತಿರುತ್ತದೆ. ಮೊದಲ ಸೀಸನ್ನಿನ ಕೊನೆಯಲ್ಲಿ ಗೊತ್ತಾಗುತ್ತದೆ: ಅಮಿಯೆಲ್ ಬದುಕಿದ್ದಾನೆ, ಸಿರಿಯಾದಲ್ಲಿದ್ದಾನೆ, ಇಸ್ಲಾಂಗೆ ಮತಾಂತರವಾಗಿ ಯೂಸುಫ್ ಆಗಿದ್ದಾನೆ.

ಹೋಮ್‌ಲ್ಯಾಂಡ್ ಈ ಮೂರು ಜನರನ್ನು ಇಬ್ಬರಿಗೆ ಇಳಿಸಿತು. ತಾನೇ ಹೊಡೆದು ಕೊಂದೆನೆಂದು ಬ್ರೋಡಿ ನಂಬಿರುವ ಟಾಮ್ ವಾಕರ್ ಬದುಕಿರುವುದು ಅಮಿಯೆಲ್ ಎಳೆಯೇ. ಮತಾಂತರವನ್ನು ಮಾತ್ರ ಬ್ರೋಡಿಗೆ ದಾಟಿಸಿದರು. ಮೂಲದಲ್ಲಿ ಗಾಯವಾಗಿದ್ದದ್ದು ಇಲ್ಲಿ ಅನುಮಾನದ ಯಂತ್ರವಾಯಿತು.

ಕಾಲವೂ ಮುಖ್ಯ. ಹಟುಫಿಮ್ ಮೊದಲು ಪ್ರಸಾರವಾದಾಗ ಇಸ್ರೇಲಿ ಸೈನಿಕ ಗಿಲಾದ್ ಶಾಲಿತ್ ಗಾಜಾದಲ್ಲಿ ಸೆರೆಯಲ್ಲಿದ್ದರು. 2006ರ ಜೂನ್‌ನಲ್ಲಿ ಸಿಕ್ಕಿಬಿದ್ದ ಅವರು 1,027 ಕೈದಿಗಳ ವಿನಿಮಯಕ್ಕೆ ಬಿಡುಗಡೆಯಾದದ್ದು 2011ರ ಅಕ್ಟೋಬರ್ 18ಕ್ಕೆ. ಅಮೆರಿಕದಲ್ಲಿ ಹೋಮ್‌ಲ್ಯಾಂಡ್ ಶುರುವಾಗಿ ಆಗ ಹದಿನಾರು ದಿನ. ಇಸ್ರೇಲಿನ ವೀಕ್ಷಕರಿಗೆ ಹಿಂದಿರುಗಿದ ಸೈನಿಕ ಎಂದರೆ ಪತ್ರಿಕೆಯಲ್ಲಿ ದಿನವೂ ಕಾಣುವ ಮುಖ. ಅಂಥವನ ಮೇಲೆ ಬಾಂಬಿನ ಕಥೆ ಕಟ್ಟುವುದು ಅಲ್ಲಿ ಆಗದ ಮಾತು.

ಸುಮಾ_ಹೆಗಡೆ:

ಹಟುಫಿಮ್‌ಗೆ ಹಿಂದಿ ರೂಪವೂ ಇದೆ, ಸ್ಟಾರ್ ಪ್ಲಸ್‌ನಲ್ಲಿ 2016ರ ನವೆಂಬರಿನಲ್ಲಿ ಶುರುವಾದ 'ಪಿ.ಒ.ಡಬ್ಲ್ಯೂ: ಬಂದಿ ಯುದ್ಧ್ ಕೇ'. ನಿಖಿಲ್ ಅಡ್ವಾಣಿ ತಂದದ್ದು. ಪೂರಬ್ ಕೊಹ್ಲಿ, ಸತ್ಯದೀಪ್ ಮಿಶ್ರಾ ಹಿಂದಿರುಗಿದ ಸೈನಿಕರು, ಅಮೃತಾ ಪುರಿ ಮತ್ತು ಸಂಧ್ಯಾ ಮೃದುಲ್ ಅವರ ಹೆಂಡತಿಯರು. ಮೂಲದ 17 ವರ್ಷ ಇಲ್ಲಿ ತಾನಾಗಿ ಕೂಡಿಬಂತು, 1999ರ ಕಾರ್ಗಿಲ್‌ನಿಂದ 2016ಕ್ಕೆ ಸರಿಯಾಗಿ ಹದಿನೇಳು. ಹೋಮ್‌ಲ್ಯಾಂಡ್ ಮಾತ್ರ ನೋಡಿದವರು ಇದನ್ನೂ ನೋಡಬೇಕು. ಹೆಂಡತಿಯರ ಪಾತ್ರಕ್ಕೆ ಸಿಕ್ಕ ಜಾಗ ಜೆಸಿಕಾ ಬ್ರೋಡಿಗೆ ಎಂದೂ ಸಿಗಲಿಲ್ಲ. ಗಂಡ ನೇಣಿಗೇರಿದ ಮೇಲೆ ಜೆಸಿಕಾಗೆ ಏನಾಯಿತೆಂದು ಧಾರಾವಾಹಿ ಕೇಳುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ 2013ರ ಅಂತ್ಯದ ದೊಡ್ಡ ಕೊರತೆ ಅದು.

ಕೊಡಚಾದ್ರಿ:

ಸುಮಾ ಅವರ ಮಾತು ಸತ್ಯ. ಕೊನೆಯಲ್ಲಿ ಶೋಕಿಸುವ ಹಕ್ಕು ಕ್ಯಾರಿಗೆ ಮಾತ್ರ ಸಿಗುತ್ತದೆ. ಬೇಲಿ ಹತ್ತಿ ಅವನ ಹೆಸರು ಕೂಗುವವಳೂ ಅವಳೇ, ಗೋಡೆಯ ಮೇಲೆ ನಕ್ಷತ್ರ ಬರೆಯುವವಳೂ ಅವಳೇ. ಆ ನಕ್ಷತ್ರದ ಬಗ್ಗೆ ಯಾರಾದರೂ ವಿವರವಾಗಿ ಬರೆಯುತ್ತೀರಾ?

ಕಲ್ಲುಕುಟಿಗ:

ಲ್ಯಾಂಗ್ಲಿಯ ಸಿಐಎ ಕಚೇರಿಯ ಮುಖ್ಯ ದ್ವಾರದ ಒಳಗೆ, ಬಿಳಿ ಅಲಬಾಮಾ ಅಮೃತಶಿಲೆಯ ಗೋಡೆ ನಿಜವಾಗಿಯೂ ಇದೆ. ಕರ್ತವ್ಯದಲ್ಲಿ ಸತ್ತ ಒಬ್ಬೊಬ್ಬರಿಗೂ ಒಂದು ನಕ್ಷತ್ರ. 1974ರಲ್ಲಿ 31ರಿಂದ ಆರಂಭವಾಗಿ 2023ಕ್ಕೆ 140 ಆಗಿದ್ದವು. ಗೋಡೆಯ ಮೇಲೆ ಹೆಸರುಗಳಿಲ್ಲ. ಕೆಳಗೆ ಉಕ್ಕಿನ ಚೌಕಟ್ಟಿನಲ್ಲಿ ಗಾಜಿನಡಿ ಮೇಕೆ ಚರ್ಮದ ಹೊದಿಕೆಯ ಗೌರವ ಪುಸ್ತಕವಿದೆ, ಅದರಲ್ಲಿ ಬಹಿರಂಗಪಡಿಸಬಹುದಾದ ಹೆಸರುಗಳು ಮಾತ್ರ. ಉಳಿದವರಿಗೆ ಹೆಸರಿನ ಜಾಗ ಖಾಲಿ, ನಕ್ಷತ್ರ ಮಾತ್ರ.

ಒಂದು ನಕ್ಷತ್ರ ಎರಡೂಕಾಲು ಇಂಚು ಎತ್ತರ, ಅಷ್ಟೇ ಅಗಲ, ಅರ್ಧ ಇಂಚು ಆಳ. ಒಂದರಿಂದ ಒಂದಕ್ಕೆ ಆರು ಇಂಚು ಅಂತರ. ಶಿಲ್ಪಿ ಮೊದಲು ಅಚ್ಚಿಟ್ಟು ಗುರುತು ಮಾಡಿ, ಗಾಳಿಯೊತ್ತಡದ ಸುತ್ತಿಗೆ ಮತ್ತು ಉಳಿಯಿಂದ ಕೊರೆಯುತ್ತಾರೆ. ಧೂಳು ಒರೆಸಿದ ಮೇಲೆ ಒಳಗೆ ಕಪ್ಪು ಬಣ್ಣ ಸಿಂಪಡಿಸುತ್ತಾರೆ. ವರ್ಷಗಳು ಕಳೆದಂತೆ ಅದು ಬೂದಿಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಗೋಡೆಯಲ್ಲಿ ಹೊಸ ಸಾವು ಕಪ್ಪು, ಹಳೆಯದು ಬೂದು.

ಇದು ಗೊತ್ತಿದ್ದರೆ ಕೊನೆಯ ದೃಶ್ಯ ಬೇರೆಯೇ ಕಾಣುತ್ತದೆ. ಲಾಕ್‌ಹಾರ್ಟ್ ಬ್ರೋಡಿಗೆ ನಕ್ಷತ್ರ ನಿರಾಕರಿಸುತ್ತಾನೆ. ಜನರೆಲ್ಲ ಹೋದ ಮೇಲೆ ತುಂಬುಗರ್ಭಿಣಿ ಕ್ಯಾರಿ ಮಾರ್ಕರ್ ಪೆನ್ನಿನಿಂದ ಗೋಡೆಯ ಮೇಲೆ ಒಂದನ್ನು ಬರೆಯುತ್ತಾಳೆ. ಕೊರೆದದ್ದಲ್ಲ, ಆಳವಿಲ್ಲ, ಬಟ್ಟೆಯಿಂದ ಉಜ್ಜಿದರೆ ಹೋಗುವಂಥದ್ದು. ಅರ್ಧ ಇಂಚು ಆಳವೆಂದರೆ ಸಂಸ್ಥೆ ಒಪ್ಪಿಕೊಂಡಿದೆ ಎಂದರ್ಥ. ಅವಳು ಕೊಡಬಲ್ಲದ್ದು ಮೇಲ್ಮೈಯ ಗುರುತು ಮಾತ್ರ.

ತುಂಗಾತೀರ:

ಲಾಕ್‌ಹಾರ್ಟ್ ನಿರಾಕರಿಸಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ವಾಲ್ಡನ್‌ನ ಪೇಸ್‌ಮೇಕರ್‌ನ ಸಂಖ್ಯೆ ತೆಗೆದು ಅಲ್ ಖೈದಾದ ಅಬು ನಜೀರ್‌ಗೆ ಕೊಟ್ಟವನು ಇದೇ ಬ್ರೋಡಿ. ಕ್ಯಾರಿಯ ಪ್ರಾಣ ಉಳಿಸಲು ಕೊಟ್ಟ, ಸರಿ, ಆದರೂ ಉಪಾಧ್ಯಕ್ಷ ಸತ್ತದ್ದು ಅದರಿಂದಲೇ. ಅರ್ಚನಾ ಅವರು ಹೇಳಿದ ಸ್ವಿಚ್ಚೂ ಇದೆ. ಕಲ್ಲಿನಲ್ಲಿ ಕೊರೆಯುವಷ್ಟು ಸ್ಪಷ್ಟ ಉತ್ತರ ಆ ಮನುಷ್ಯನ ಬಗ್ಗೆ ಇಲ್ಲ.

ಡಾ_ಅನುಪಮಾ:

ಕೊಡಚಾದ್ರಿ ಅವರ ಮೂಲ ವಾದಕ್ಕೆ ಬಲ ಕೊಡುವ ಎರಡು ವಿಷಯ ಬರೆಯುತ್ತೇನೆ.

ಮೊದಲನೆಯದು ಹಿಂದಿರುಗಿದವರನ್ನು ನೋಡಿಕೊಳ್ಳುವ ಕ್ರಮ. ಅಮೆರಿಕದ ಸೇನೆಯಲ್ಲಿ ಇದಕ್ಕೆ ಮೂರು ಹಂತ. ಬಿಡುಗಡೆಯಾದ ಸ್ಥಳದ ಹತ್ತಿರವೇ ಪ್ರಾಥಮಿಕ ಆರೈಕೆ, ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಮತ್ತು ವಿಚಾರಣೆ, ಕೊನೆಗೆ ಸ್ವದೇಶದಲ್ಲಿ ಕುಟುಂಬದೊಂದಿಗೆ ನಿಧಾನವಾಗಿ ಸೇರಿಸುವುದು. ತಾಲಿಬಾನ್ ಸೆರೆಯಲ್ಲಿ ಸುಮಾರು ಐದು ವರ್ಷ ಇದ್ದ ಬೋ ಬರ್ಗ್‌ಡಾಲ್ 2014ರ ಮೇ 31ರಂದು ಬಿಡುಗಡೆಯಾದಾಗ ಜರ್ಮನಿಯ ಲಾಂಡ್‌ಸ್ಟೂಲ್ ಆಸ್ಪತ್ರೆಯಲ್ಲಿ ಸುಮಾರು ಎರಡು ವಾರ ಇರಿಸಿ, ನಂತರ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊಗೆ ಕರೆತಂದರು. ಸಾಮಾನ್ಯ ಕರ್ತವ್ಯಕ್ಕೆ ಮರಳಿದ್ದು ಜುಲೈ ಮಧ್ಯದಲ್ಲಿ. ಬ್ರೋಡಿಯನ್ನಾದರೋ ಬಂದ ಕೂಡಲೇ ಕ್ಯಾಮೆರಾಗಳ ಮುಂದೆ, ಹೆಂಡತಿ ಮಕ್ಕಳ ಮುಂದೆ ನಿಲ್ಲಿಸುತ್ತಾರೆ. ಮೂರನೇ ಹಂತ ಇಲ್ಲವೇ ಇಲ್ಲ. ರಾತ್ರಿ ಕೋಣೆಯ ಮೂಲೆಯಲ್ಲಿ ಮುದುಡಿ ಕೂರುವವನಿಗೆ ಹಗಲು ದೇಶಕ್ಕೆ ಧೈರ್ಯ ಹೇಳುವ ಕೆಲಸ.

ಎಂಟನೇ ಸೀಸನ್ ಶುರುವಾಗುವುದು ಅದೇ ಲಾಂಡ್‌ಸ್ಟೂಲ್‌ನಲ್ಲಿ, ಈ ಸಲ ರೋಗಿ ಕ್ಯಾರಿ. ರಷ್ಯನ್ನರ ಸೆರೆಯಲ್ಲಿ ಏಳು ತಿಂಗಳು, ಬೈಪೋಲಾರ್ ಕಾಯಿಲೆಗೆ ಮಾತ್ರೆ ಇಲ್ಲದೆ. ಆ ಕಾಲದ ದೊಡ್ಡ ಭಾಗವೇ ನೆನಪಿಲ್ಲ. ಪೂರ್ತಿ ಗುಣವಾಗುವ ಮುಂಚೆಯೇ ಸಾಲ್ ಅವಳನ್ನು ಕಾಬೂಲಿಗೆ ಕರೆದೊಯ್ಯುತ್ತಾನೆ. ಬ್ರೋಡಿಗೆ ಆದ ಅನ್ಯಾಯವೇ ಮತ್ತೆ, ಈ ಬಾರಿ ಮಾಡುವವನು ಪ್ರೀತಿಸುವ ಗುರು.

ಎರಡನೆಯದು ಸುಳ್ಳುಪತ್ತೆ ಪರೀಕ್ಷೆ. ಆ ಯಂತ್ರ ಅಳೆಯುವುದು ಉಸಿರಾಟ, ರಕ್ತದೊತ್ತಡ, ಚರ್ಮದ ಬೆವರಿನಿಂದ ಬದಲಾಗುವ ವಿದ್ಯುತ್ ವಾಹಕತೆ. ಸುಳ್ಳನ್ನು ಅಲ್ಲ, ಉದ್ವೇಗವನ್ನು. ಸೋವಿಯತ್‌ಗೆ ರಹಸ್ಯ ಮಾರುತ್ತಿದ್ದ ಸಿಐಎಯ ಆಲ್ಡ್ರಿಚ್ ಏಮ್ಸ್ 1986 ಮತ್ತು 1991ರಲ್ಲಿ ಎರಡು ಸಲ ಪಾಸಾಗಿದ್ದ. ಮೊದಲ ಸೀಸನ್ನಿನಲ್ಲಿ ಬ್ರೋಡಿ ಪಾಸಾಗುತ್ತಾನೆ, ಹೆಂಡತಿಗೆ ಮೋಸ ಮಾಡಿಲ್ಲ ಎಂಬ ಶುದ್ಧ ಸುಳ್ಳಿನಲ್ಲೂ. ಆ ಸುಳ್ಳು ಕ್ಯಾರಿಗೆ ಮಾತ್ರ ಗೊತ್ತು, ಕಾರಣ ಅವನ ಜೊತೆ ಇದ್ದವಳು ಅವಳೇ. ಎಂಟನೇ ಸೀಸನ್ನಿನ ಮೊದಲ ಕಂತಿನಲ್ಲಿ ತಪ್ಪು ಮಾಡಿದ ನೆನಪೇ ಇಲ್ಲದ ಕ್ಯಾರಿ ಫೇಲಾಗುತ್ತಾಳೆ. ಕಂತಿನ ಹೆಸರೇ 'ಡಿಸೆಪ್ಷನ್ ಇಂಡಿಕೇಟೆಡ್'. ತಪ್ಪಿತಸ್ಥ ದಾಟಿದ, ಇವಳು ಸಿಕ್ಕಿಬಿದ್ದಳು. ಇಷ್ಟು ನೇರವಾದ ಜೋಡಣೆ ಆಕಸ್ಮಿಕ ಅಲ್ಲ.

ಹಳೇಬೀಡು77:

ಕೊನೆಯ ಕಂತಿನ ಎಳೆಗಳು ಹಲವರಿಗೆ ಗೋಜಲಾಗುತ್ತವೆ, ಬಿಡಿಸಿ ಬರೆಯುತ್ತೇನೆ.

ಅಧ್ಯಕ್ಷ ವಾರ್ನರ್ ಇದ್ದ ಹೆಲಿಕಾಪ್ಟರ್ ಅಫ್ಘಾನಿಸ್ತಾನದಲ್ಲಿ ಬೀಳುತ್ತದೆ. ತಾನೇ ಹೊಡೆದುರುಳಿಸಿದೆ ಎಂದು ತಾಲಿಬಾನ್‌ನ ಜಲಾಲ್ ಹಕ್ಕಾನಿ ಕೊಚ್ಚಿಕೊಳ್ಳುತ್ತಾನೆ. ಅದನ್ನು ನಂಬಿದ ಹೊಸ ಅಧ್ಯಕ್ಷ ಹೇಯ್ಸ್ ಪಾಕಿಸ್ತಾನದ ಮೇಲೆ ಅಣ್ವಸ್ತ್ರ ಯುದ್ಧದ ಅಂಚಿಗೆ ಹೋಗಿ ನಿಲ್ಲುತ್ತಾನೆ. ನಿಜಕ್ಕೂ ಅದು ಯಾಂತ್ರಿಕ ದೋಷ, ಸಾಕ್ಷಿ ಬ್ಲ್ಯಾಕ್ ಬಾಕ್ಸ್‌ನಲ್ಲಿದೆ. ಅದನ್ನು ಕೈಗೆ ತಂದುಕೊಂಡ ಕ್ಯಾರಿಯ ಸಹೋದ್ಯೋಗಿ ಮ್ಯಾಕ್ಸ್ ಪ್ರಾಣ ತೆತ್ತ. ಈಗ ಅದು ರಷ್ಯದ ಗುಪ್ತಚರ ಅಧಿಕಾರಿ ಯೆವ್ಗೆನಿ ಗ್ರೋಮೋವ್ ಬಳಿ. ಬದಲಿಗೆ ಅವನು ಕೇಳುವುದು ಮಾಸ್ಕೋದಲ್ಲಿ ಸಾಲ್ ದಶಕಗಳಿಂದ ಕಾಪಾಡಿಕೊಂಡು ಬಂದ ಮಾಹಿತಿದಾರರೊಬ್ಬರ ಹೆಸರು.

ಕ್ಯಾರಿ ಸಾಲ್‌ಗೆ ಮದ್ದು ಕೊಟ್ಟು ಕೈಕಾಲು ಆಡದಂತೆ ಮಾಡಿ ಕೇಳುತ್ತಾಳೆ. ಪ್ರಾಣ ಹೋಗುತ್ತದೆಂದರೂ ಅವನು ಬಾಯಿ ಬಿಡುವುದಿಲ್ಲ. ಕೊಲ್ಲಲು ಅವಳ ಕೈ ಬರುವುದಿಲ್ಲ. ವೆಸ್ಟ್ ಬ್ಯಾಂಕ್‌ನಲ್ಲಿರುವ ಅವನ ತಂಗಿ ಡೋರಿತ್ ಬಳಿ ಹೋಗಿ, ಸಾಲ್ ಸತ್ತನೆಂದು ನಂಬಿಸುತ್ತಾಳೆ. ತಾನು ಸತ್ತರೆ ಕ್ಯಾರಿಗೆ ಕೊಡು ಎಂದು ಅವನು ಇಟ್ಟಿದ್ದ ಯುಎಸ್‌ಬಿಯಲ್ಲಿ ಹೆಸರಿದೆ: ಅನ್ನಾ ಪೊಮೆರಾಂತ್ಸೆವಾ, ದುಭಾಷಿ. ಕ್ಯಾರಿ ಹೆಸರು ಕೊಡುತ್ತಾಳೆ. ಅನ್ನಾ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಸಿಕ್ಕಿಬೀಳುವ ಮೊದಲೇ ಗುಂಡು ಹಾರಿಸಿಕೊಳ್ಳುತ್ತಾಳೆ. ಧ್ವನಿಮುದ್ರಣ ಹೊರಬರುತ್ತದೆ, ಯುದ್ಧ ತಪ್ಪುತ್ತದೆ.

ಎರಡು ವರ್ಷದ ಮೇಲೆ ಕ್ಯಾರಿ ಮಾಸ್ಕೋದಲ್ಲಿ, ಯೆವ್ಗೆನಿಯ ಜೊತೆ. ತನ್ನ ದೇಶಕ್ಕೆ ಯಾಕೆ ದ್ರೋಹ ಮಾಡಬೇಕಾಯಿತೆಂದು ಹೇಳುವ ಅವಳ ಪುಸ್ತಕ ಬಂದಿದೆ, ಅರ್ಪಣೆ ಮಗಳಿಗೆ. ಅದರ ಒಂದು ಪ್ರತಿ ಸಾಲ್‌ಗೆ ತಲುಪುತ್ತದೆ. ಅನ್ನಾ ಕಳಿಸುತ್ತಿದ್ದ ಕೆಂಪು ಪುಸ್ತಕಗಳ ರೀತಿಯಲ್ಲೇ, ಬೆನ್ನಿನ ಹೊದಿಕೆಯೊಳಗೆ ಚೀಟಿ: ರಷ್ಯ ಮಾರಿರುವ ಎಸ್-400 ಕ್ಷಿಪಣಿ ರಕ್ಷಣಾ ವ್ಯವಸ್ಥೆಯಲ್ಲಿ ಹಿಂಬಾಗಿಲು ಇದೆ. ಕ್ಯಾರಿ ಅನ್ನಾಳ ಜಾಗ ತುಂಬಿದ್ದಾಳೆ.

ಗುಬ್ಬಿ_ಪಾಟೀಲ:

ಇಲ್ಲೇ ನನ್ನ ತಕರಾರು ಅದ. ಅನ್ನಾನ ಹೆಣದ ಮ್ಯಾಲೆ ಕಟ್ಟಿದ ಸುಖಾಂತ್ಯ ಇದು. ಮತ್ತ ರಷ್ಯಾದವರು ಅಷ್ಟು ದಡ್ಡರೇನ್ರಿ? ಗೂಢಚಾರಿಕಿ ಮಾಡಿದಾಕಿ ದೇಶ ಬಿಟ್ಟು ಬಂದಾಳ ಅಂದ್ರ ಆಕಿ ಕಳಸೂ ಪ್ರತಿಯೊಂದು ಪುಸ್ತಕ ಹರಿದು ನೋಡೂದಿಲ್ಲೇನು? ಅನ್ನಾ ಹೆಂಗ ಸುದ್ದಿ ಕಳಸ್ತಿದ್ಲು ಅನ್ನೂದು ಗೊತ್ತಾದ ಮ್ಯಾಲೂ ಅದೇ ದಾರಿ ಯಾಕ?

ಕಲ್ಲುಕುಟಿಗ:

ಪಾಟೀಲ್ ಸರ್, ಅನ್ನಾ ಸತ್ತದ್ದಕ್ಕೇ ಆ ದಾರಿ ಉಳಿಯಿತು. ವಿಚಾರಣೆಗೆ ಸಿಕ್ಕಿದ್ದರೆ ಪುಸ್ತಕದ ಬೆನ್ನಿನ ಗುಟ್ಟು ಹೊರಬರುತ್ತಿತ್ತು. ಕ್ಯಾರಿ ಕೊಟ್ಟದ್ದು ಹೆಸರು, ವಿಧಾನವಲ್ಲ. ಪುಸ್ತಕದ ಬೆನ್ನು ಎಂದರೆ ಹೊಲಿದ ಹಾಳೆಗಳ ಗೊಂಚಲು ಮತ್ತು ಹೊರಗಿನ ರಟ್ಟಿನ ನಡುವಿನ ಟೊಳ್ಳು. ಗಟ್ಟಿ ರಟ್ಟಿನ ಪುಸ್ತಕ ತೆರೆದಾಗ ಬೆನ್ನು ಕಮಾನಿನಂತೆ ಬಾಗಿ ಆ ಜಾಗ ಕಾಣುತ್ತದೆ. ಸುರುಳಿ ಸುತ್ತಿದ ತೆಳುಕಾಗದ ಅಲ್ಲಿ ಕೂತರೆ ಹಾಳೆ ತಿರುವುವವರಿಗೆ ಸಿಗುವುದಿಲ್ಲ. ಹಾಳೆ ಅಂಟಿಸಿದ ಅಗ್ಗದ ಪುಸ್ತಕಕ್ಕೆ ಈ ಟೊಳ್ಳು ಇರುವುದಿಲ್ಲ.

ನಿಮ್ಮ ಇನ್ನೊಂದು ಮಾತು ಮಾತ್ರ ಸರಿ. ಅವಳ ಕೈಯಿಂದ ಹೋಗುವ ಪ್ರತಿಯೊಂದನ್ನೂ ತಪಾಸಣೆ ಮಾಡಬೇಕಿತ್ತು. ಅದಕ್ಕೆ ಕಂತಿನಲ್ಲಿ ಉತ್ತರವಿಲ್ಲ.

ಸುಮಾ_ಹೆಗಡೆ:

ಪುಸ್ತಕ ಒಳ್ಳೆಯ ಮರೆಯಾಗುವುದಕ್ಕೆ ಇನ್ನೊಂದು ಕಾರಣ ಸೇರಿಸಿ. ಸಿಐಎಯಲ್ಲಿ ಕೆಲಸ ಮಾಡಿದವರು ಬದುಕಿರುವವರೆಗೂ ಗುಪ್ತಚರ ವಿಷಯದ ಬಗ್ಗೆ ಏನೇ ಬರೆದರೂ ಪ್ರಕಟಣೆಗೆ ಮುಂಚೆ ಸಂಸ್ಥೆಗೆ ತೋರಿಸಿ ಅನುಮತಿ ಪಡೆಯಬೇಕು. ತೋರಿಸದೆ ಪ್ರಕಟಿಸಿದರೆ ರಹಸ್ಯ ಹೊರಬಿದ್ದಿರಲಿ ಬಿಡಲಿ, ಬಂದ ಹಣವೆಲ್ಲ ಸರ್ಕಾರಕ್ಕೆ ಸೇರಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1980ರ ಸ್ನೆಪ್ ಪ್ರಕರಣದಲ್ಲಿ ಹೇಳಿತು. 2019ರಲ್ಲಿ ಎಡ್ವರ್ಡ್ ಸ್ನೋಡೆನ್ ಆತ್ಮಕಥೆ ಬಂದ ದಿನವೇ ಅಮೆರಿಕ ಸರ್ಕಾರ ಇದೇ ಆಧಾರದ ಮೇಲೆ ದಾವೆ ಹೂಡಿತ್ತು. ಹಾಗಾಗಿ ಕ್ಯಾರಿಯ ಪುಸ್ತಕ ಕಾನೂನಿನ ಕಣ್ಣಿಗೆ ಕರಾರಿನ ಉಲ್ಲಂಘನೆ, ರಷ್ಯನ್ನರ ಕಣ್ಣಿಗೆ ನಿಷ್ಠೆಯ ಪುರಾವೆ. ಮರಳುವ ದಾರಿ ಮುಚ್ಚಿಕೊಂಡವಳನ್ನು ನಂಬುವುದು ಸುಲಭ.

ಚೀಟಿಯಲ್ಲಿನ ಒಂದು ವಿವರ ವಾಸ್ತವಕ್ಕೆ ಹೊಂದುವುದಿಲ್ಲ. ಎಸ್-400 ಟರ್ಕಿ ಮತ್ತು ಇರಾನಿಗೆ ಮಾರಿದ್ದೆಂದು ಬರುತ್ತದೆ. ಟರ್ಕಿಗೆ 2019ರ ಜುಲೈನಲ್ಲಿ ಬಂದದ್ದು ನಿಜ. ಇರಾನಿಗೆ 2016ರಲ್ಲಿ ಸಿಕ್ಕಿದ್ದು ಹಳೆಯ ಎಸ್-300. ಭಾರತ 2018ರ ಅಕ್ಟೋಬರಿನಲ್ಲಿ ಐದು ರೆಜಿಮೆಂಟಿಗೆ ಸಹಿ ಹಾಕಿತ್ತು, ಚೀಟಿಯಲ್ಲಿ ನಮ್ಮ ಹೆಸರಿಲ್ಲ.

ಕೊಡಚಾದ್ರಿ:

ಮರಳುವ ದಾರಿ ಎಂದಿರಲ್ಲ, ನಾನು ಹೇಳಬೇಕೆಂದಿದ್ದದ್ದು ಅದೇ. ಬ್ರೋಡಿ ಬಂದಾಗ ಜನ ಅವನನ್ನು ವೀರನೆಂದು ನಂಬಿದ್ದರು, ಒಳಗೆ ಅವನು ಶತ್ರುವಿನವನು. ಸಾಯುವಾಗ ಜನ ಅವನನ್ನು 219 ಜನರ ಕೊಲೆಗಾರನೆಂದು ನಂಬಿದ್ದರು, ಮಾಡಿದ್ದು ಮಾತ್ರ ತನ್ನ ದೇಶದ ಕೆಲಸ. ಅವನ ಬಗ್ಗೆ ದಾಖಲೆ ಎಂದೂ ಸತ್ಯ ಹೇಳಲಿಲ್ಲ. ಕ್ಯಾರಿ ತನ್ನ ದಾಖಲೆಯನ್ನು ತಾನೇ ಸುಳ್ಳಾಗಿ ಬರೆದು, ಅಚ್ಚು ಹಾಕಿಸಿ, ಅಂಗಡಿಯಲ್ಲಿಟ್ಟಳು. ಬಾಗ್ದಾದಿನಲ್ಲಿ ಕೇಳಿದ 'ಶತ್ರುಪಕ್ಷಕ್ಕೆ ಸೇರಿದ ಕೈದಿ' ಎಂಬ ಮಾತನ್ನು ತನ್ನ ಮೈಮೇಲೆ ತಾನೇ ಹೊದ್ದುಕೊಂಡಳು. ಬ್ರೋಡಿಗೆ ಆ ಆಯ್ಕೆ ಇರಲಿಲ್ಲ.

ಅರ್ಚನಾ_ಭಟ್:

ಒಪ್ಪುತ್ತೇನೆ, ಆದರೆ ಫ್ರ್ಯಾನಿ? ಕ್ಯಾರಿಗೆ ಹುಟ್ಟಿದ ಬ್ರೋಡಿಯ ಮಗಳು. ಡೇನಾ ತಂದೆಯ ಹೆಸರು ಬಿಟ್ಟಳು. ಫ್ರ್ಯಾನಿಗೆ ತಾಯಿಯೂ ದ್ರೋಹಿಯೆಂದೇ ಗೊತ್ತಾಗುವುದು, ಅರ್ಪಣೆಯ ಸಾಲಿನಲ್ಲಿ 'ಒಂದು ದಿನ ಅರ್ಥಮಾಡಿಕೊಳ್ಳುತ್ತಾಳೆಂಬ ಆಸೆಯಿಂದ' ಎಂದು ಬರೆದರೂ. ಎರಡು ಅಂತ್ಯಗಳಲ್ಲೂ ಬೆಲೆ ಕಟ್ಟುವುದು ಮಗಳೇ. ಪಾಟೀಲರು ಸುಖಾಂತ್ಯ ಎಂದದ್ದನ್ನು ನಾನು ಈ ಕಾರಣಕ್ಕೆ ಒಪ್ಪಲಾರೆ.

ಮಡಿಕೇರಿ_ಮಂಜು:

ಒಂದು ಕಾನೂನಿನ ಅಂಶ. ಬ್ರೋಡಿಯನ್ನು 2003ರಲ್ಲಿ ಇರಾಕಿನಲ್ಲಿ ಹಿಡಿದದ್ದು ಸದ್ದಾಂ ಬೆಂಬಲಿಗರು. ಅವರು ಅಬು ನಜೀರ್‌ನ ಅಲ್ ಖೈದಾಗೆ ಮಾರಿದರು. 1949ರ ಮೂರನೇ ಜಿನೀವಾ ಒಪ್ಪಂದದ 12ನೇ ವಿಧಿಯಂತೆ ಯುದ್ಧಕೈದಿಯನ್ನು ಒಪ್ಪಂದಕ್ಕೆ ಸೇರಿದ ರಾಷ್ಟ್ರಕ್ಕಲ್ಲದೆ ಬೇರೆ ಯಾರಿಗೂ ಹಸ್ತಾಂತರಿಸುವಂತಿಲ್ಲ. 118ನೇ ವಿಧಿಯಂತೆ ಸಕ್ರಿಯ ಯುದ್ಧ ನಿಂತ ಮೇಲೆ ತಡಮಾಡದೆ ಬಿಡಬೇಕು. ಮಾರಾಟವಾದ ಕ್ಷಣದಿಂದ ಬ್ರೋಡಿಗೆ ಈ ಎರಡೂ ರಕ್ಷಣೆ ಇಲ್ಲ. ಅವನನ್ನು ಒಡೆದದ್ದು ಆ ನಂತರದ ವರ್ಷಗಳು.

ರಾಷ್ಟ್ರಗಳ ನಡುವಿನ ಸೆರೆ ಬೇರೆ. 1965ರ ಯುದ್ಧದಲ್ಲಿ ವಿಮಾನ ಉರುಳಿ ಪಾಕಿಸ್ತಾನದ ಸೆರೆ ಸೇರಿದ ನಮ್ಮ ಕೊಡಗಿನ ಕೆ.ಸಿ. ಕಾರ್ಯಪ್ಪ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ. ಅಯೂಬ್ ಖಾನ್ ಬಿಟ್ಟುಬಿಡುತ್ತೇನೆಂದರೂ ತಂದೆ ಒಪ್ಪಲಿಲ್ಲ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ ಎಂದರು. ಯುದ್ಧ ಮುಗಿದ ಮೇಲೆ ಬಿಡುಗಡೆಯಾಗಿ ಬಂದವರು ವಾಯುಪಡೆಯಲ್ಲೇ ಮುಂದುವರಿದು ಏರ್ ಮಾರ್ಷಲ್ ಆದರು. ಹಿಂದಿರುಗಿದ ಕೈದಿ ಎಂದರೆ ಅನುಮಾನಿತ ಎಂಬ ಧಾರಾವಾಹಿಯ ಸೂತ್ರವನ್ನು ಎಲ್ಲ ಕಡೆಗೂ ಹಚ್ಚಬಾರದು.

ಡಾ_ಅನುಪಮಾ:

ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಟೆಹರಾನಿನ ನೇಣಿನ ಚೌಕ ಚಿತ್ರೀಕರಣವಾದದ್ದು ಮೊರಾಕ್ಕೊದ ರಬಾತ್‌ನಲ್ಲಿ, ಕರಾಕಸ್‌ನ ಗೋಪುರ ಪೋರ್ಟೊ ರಿಕೊದಲ್ಲಿ, ನಾಲ್ಕನೇ ಸೀಸನ್ನಿನ ಇಸ್ಲಾಮಾಬಾದ್ ಕೇಪ್ ಟೌನ್‌ನಲ್ಲಿ. ಮುಸ್ಲಿಮರನ್ನು ತೋರಿಸುವ ರೀತಿಗೆ ಟೀಕೆ ಎಷ್ಟಿತ್ತೆಂದರೆ, ಐದನೇ ಸೀಸನ್ನಿನ ಸೆಟ್‌ಗೆ ಅರಬ್ಬಿ ಗೋಡೆಬರಹ ಬರೆಯಲು ಕರೆಸಿದ ಕಲಾವಿದರು ಧಾರಾವಾಹಿ ಜನಾಂಗದ್ವೇಷಿ ಎಂದೇ ಬರೆದರು. ಓದಬಲ್ಲವರು ಸೆಟ್‌ನಲ್ಲಿ ಇಲ್ಲದ್ದರಿಂದ 2015ರ ಅಕ್ಟೋಬರಿನಲ್ಲಿ ಅದು ಹಾಗೆಯೇ ಪ್ರಸಾರವಾಯಿತು. ಅಂತ್ಯವನ್ನು ಮೆಚ್ಚುವಾಗ ಇದನ್ನು ಮರೆಯಲಾಗದು.

ತುಂಗಾತೀರ:

ಎರಡು ಅಂತ್ಯಗಳನ್ನು ಜೋಡಿಸಿ ಮತ್ತೆ ನೋಡಬೇಕೆನ್ನುವವರಿಗೆ 96 ಕಂತು ಬೇಡ. ಮೊದಲ ಸೀಸನ್ನಿನ 1, 7, 9, 12. ಒಂಬತ್ತರಲ್ಲಿ ಅಬು ನಜೀರ್‌ನ ಮಗ ಈಸಾ ಬರುತ್ತಾನೆ, ಅದನ್ನು ಬಿಟ್ಟರೆ ಜಾಕೆಟ್ ಯಾಕೆ ತೊಟ್ಟನೆಂಬುದೇ ತಿಳಿಯದು. ಎರಡನೆಯದರಲ್ಲಿ 5, 10, 12. ಐದು ಎಂದರೆ ಕ್ಯಾರಿ ಬ್ರೋಡಿಯನ್ನು ವಿಚಾರಿಸುವ 'ಕ್ಯೂ ಅಂಡ್ ಎ', ಇಡೀ ಧಾರಾವಾಹಿಯ ಅತ್ಯುತ್ತಮ ಬರವಣಿಗೆ ನನ್ನ ಲೆಕ್ಕದಲ್ಲಿ. ಮೂರನೆಯದರಲ್ಲಿ 3, 9, 11, 12. ಆಮೇಲೆ ಏಳನೆಯದರ 12, ಎಂಟನೆಯದರ 1, 4, 11, 12. ಹನ್ನೊಂದನೇ ಕಂತು 'ದಿ ಇಂಗ್ಲಿಷ್ ಟೀಚರ್' ಬಿಡಲೇಬೇಡಿ, ಅನ್ನಾ ಮತ್ತು ಕೆಂಪು ಪುಸ್ತಕಗಳ ಹಿನ್ನೆಲೆ ಇರುವುದು ಅಲ್ಲಿ ಮಾತ್ರ.

ಗುಬ್ಬಿ_ಪಾಟೀಲ:

ಆರನೇ ಸೀಸನ್ನಿನ್ಯಾಗ ಜವಾದಿ ನ್ಯೂಯಾರ್ಕ್‌ಗೆ ಬರೂ ಕಂತುಗಳನ್ನೂ ಸೇರಸ್ರಿ. ಬ್ರೋಡಿ ಯಾರ ಸಲುವಾಗಿ ಸತ್ತ, ಆ ಜವಾದಿ ಕಡೀಗೆ ಏನು ಮಾಡಿದ ಅನ್ನೂದನ್ನ ನೋಡದ ಟೆಹರಾನಿನ ಲೆಕ್ಕ ಮುಗಿಯೂದಿಲ್ಲ.